ಸುಸ್ತಾದ ಹರಿವೆಸೊಪ್ಪು

ವಸಂತ್ ಕುಂಜ್ ಬಡಾವಣೆಯ ತಮ್ಮ ಮೂರನೇ ಮಹಡಿಯ ಮನೆಯ ಬಾಲ್ಕನಿಯಲ್ಲಿ ಮನೋರಮಾ ಮಣ್ಣೇ ಇಲ್ಲದೆ, ಪೈಪಿನಲ್ಲಿ ಹರಿಯುವ ಗೊಬ್ಬರದ ನೀರಿನಲ್ಲಿ ಹರಿವೆಸೊಪ್ಪು ಬೆಳೆದಿದ್ದಳು. ನೀರು ಕಡಿಮೆ ಸಾಕು, ಇಪ್ಪತ್ತೈದೇ ದಿನಕ್ಕೆ ಸೊಪ್ಪು ಮೊಳದುದ್ದ. ಆದರೂ ನಿವೃತ್ತನಾಗಿ ಮನೆಯಲ್ಲಿದ್ದ ಗಂಡ ಜಗನ್ನಾಥ, "ಮಣ್ಣು ಕಾಣದ ಸೊಪ್ಪಿಗೆ ರುಚಿ ಎಲ್ಲಿಂದ ಬರಬೇಕು?" ಎಂದು ಮೂಗು ಮುರಿಯುತ್ತಿದ್ದ.

ಜೂನ್‌ನ ಒಂದು ಮಧ್ಯಾಹ್ನ ಅವನೇ ಅವಳ ಆಫೀಸಿಗೆ ಫೋನ್ ಮಾಡಿದ. "ಕರೆಂಟು ಹೋಗಿ ಪಂಪು ನಿಂತಿದೆ. ಗಿಡ ಬಾಡ್ತಾ ಇದೆ ಕಣೇ!"

"ಲೋಟದಲ್ಲಿ ನೀರು ಹುಯ್ತಾ ಇರಿ, ನಿಲ್ಲಿಸಬೇಡಿ!"

ಸಂಜೆ ಅವಳು ಓಡೋಡಿ ಬಂದಾಗ ಕರೆಂಟು ಬಂದಿತ್ತು. ಜಗನ್ನಾಥನ ಬನಿಯನ್ನು ತೊಪ್ಪೆಯಾಗಿತ್ತು.

"ಹನ್ನೆರಡು ಗಿಡ ಹೋದವು, ಮಿಕ್ಕವು ಬದುಕಿದವು. ಇವತ್ತು ಕೀಳಬೇಡ, ಪಾಪ, ಸುಸ್ತಾಗಿವೆ" ಎಂದ.

ಮನೋರಮಾ ನಗು ತಡೆದುಕೊಂಡು, ಊಟಕ್ಕೆ ಬರೀ ಬೇಳೆಸಾರು ಮಾಡಿದಳು.