ತಾಯಿ ಹಿಟ್ಟು

ಗುಳುಕ್.

ಗಾಜಿನ ಭರಣಿಯೊಳಗೆ ಗುಳ್ಳೆಯೊಂದು ಒಡೆದ ಸದ್ದು. ಬೀದಿ ಮಲಗಿ, ನೆಲಮಾಳಿಗೆಯ ಒಲೆ ಇನ್ನೂ ಗುಂಯ್‌ಗುಡಲು ಶುರುಮಾಡದ ಹೊತ್ತಿನಲ್ಲಿ ಮಾತ್ರ ಅದು ಕೇಳಿಸುತ್ತಿತ್ತು. ಅತ್ತಿಗೆ ಕಿವಿಗೊಟ್ಟಳು. ಹಸಿದಿದೆ.

"ಲೇ ಮುಂಡೆ, ಭರಣಿ ಮುಂದೆ ಏನು ಧ್ಯಾನ ಮಾಡ್ತಿದೀಯ? ತಾಯಿಗೆ ಹೊತ್ತಾಯ್ತು, ತಿನ್ಸು!" ಮೇಸ್ತ್ರಿ ಮೆಟ್ಟಿಲ ಮೇಲಿಂದ ಕೂಗಿದ.

ತಾಯಿ ಎಂದರೆ ಹುಳಿ ಹಿಟ್ಟು. ಅದರಲ್ಲಿ ಒಂದು ಪಾಲು ತೆಗೆದು ಕಲಸಿದರೆ ಬ್ರೆಡ್ ಉಬ್ಬುತ್ತದೆ. ತೆಗೆದಷ್ಟು ಹೊಸ ಹಿಟ್ಟು, ನೀರು ಕೊಟ್ಟು ಅದನ್ನು ಬದುಕಿಸಿಕೊಳ್ಳಬೇಕು. ಹಗಲು ಅದು ಮೇಲೆ, ಕಾಫಿ ಅಂಗಡಿಯ ಕೌಂಟರಿನಲ್ಲಿ, ತನ್ನದೇ ಪುಟ್ಟ ದೀಪದ ಕೆಳಗೆ ಕೂತಿರುತ್ತಿತ್ತು. ಗಿರಾಕಿಗಳು ಬಗ್ಗಿ ನೋಡುತ್ತಿದ್ದರು. "ನಮ್ಮಜ್ಜಿ ಕಾಲದ್ದು. ಲೋಕದಲ್ಲಿ ಇದೊಂದೇ ಇರೋದು" ಎಂದು ಯಜಮಾನ ದನಿ ತಗ್ಗಿಸಿ ಹೇಳುತ್ತಿದ್ದ. ರಾತ್ರಿ ಕೆಳಗಿಳಿದರೆ ಅದಕ್ಕೆ ಅತ್ತಿಗೆಯ ಕೈತುತ್ತು.

ಅವಳನ್ನು ಎಲ್ಲರೂ ಅತ್ತಿಗೆ ಎಂದು ಕರೆಯುತ್ತಿದ್ದುದು ಅವಳ ನಾದಿನಿಯಿಂದಾಗಿ. ಇಬ್ಬರೂ ಒಂದೇ ಮೇಜಿನ ಆಚೆ ಈಚೆ ನಿಂತು ಹಿಟ್ಟು ನಾದುವವರು. ನಾದಿನಿಯದು ಹಸಿ ಬಾಣಂತನ. ಕೂಸನ್ನು ಅತ್ತಿಗೆಯ ಅತ್ತೆಯ ಮಡಿಲಿಗೆ ಹಾಕಿ ಬರುತ್ತಿದ್ದಳು. ಮನೆಯ ಗಂಡಸರು ದೂರದ ಕಟ್ಟಡ ಕೆಲಸಕ್ಕೆಂದು ಹೋದವರು ಹೋದಂತೆಯೇ ಇದ್ದರು.

"ಮೇಸ್ತ್ರಿ, ಅರ್ಧ ಗಂಟೆ ಮನೆಗೆ ಹೋಗ್ಬರ್ಲಾ? ಮಗು ಹಾಲಿಗೆ ಅಳ್ತಿರತ್ತೆ," ನಾದಿನಿ ಕೇಳಿದಳು. ಎದೆಯ ಮೇಲೆ ಬಟ್ಟೆ ಆಗಲೇ ಒದ್ದೆಯಾಗಿತ್ತು.

"ಅಳ್ಲಿ ಬಿಡು. ಗಂಟ್ಲು ಗಟ್ಟಿಯಾಗತ್ತೆ."

ಅವನು ಹೋದ ಮೇಲೆ ಅತ್ತಿಗೆ, "ಬೋಳಿಮಗ" ಎಂದಳು. ನಾದಿನಿ ನಕ್ಕಳು. ನಗುತ್ತಲೇ ಕಕ್ಕಸಿಗೆ ಹೋಗಿ ಹಾಲು ಹಿಂಡಿ ಚೆಲ್ಲಿ ಬಂದಳು. ಬಂದವಳ ಬಲೆ ಟೋಪಿಯ ಹರುಕಿನಿಂದ ಕೂದಲು ಇಣುಕುತ್ತಿತ್ತು. ಬಾಣಂತಿ ಕೂದಲು, ಮುಟ್ಟಿದರೆ ಉದುರುತ್ತಿತ್ತು. ಹೊಸ ಟೋಪಿ ಕೇಳಿದಾಗಲೆಲ್ಲ "ಬರತ್ತೆ, ಬರತ್ತೆ" ಎಂದಿದ್ದ ಮೇಸ್ತ್ರಿ. ಟೋಪಿ ಬರಲಿಲ್ಲ.

ಬೆಳಿಗ್ಗೆ ಬಂದದ್ದು ಕೂದಲು.

ಬಿಳಿ ಕಾಗದದ ಕರವಸ್ತ್ರದಲ್ಲಿ, ಬ್ರೆಡ್ಡಿನೊಳಗೆ ಸಿಕ್ಕ ಒಂದೇ ಒಂದು ಎಳೆ. ಮೇಸ್ತ್ರಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಇಳಿದ. ಹಿಂದೆ ಫೋಟೋ ಮೇಡಂ. ದಿನವೂ ಕಿಟಕಿ ಪಕ್ಕ ಕೂತು, ಬ್ರೆಡ್ಡನ್ನು ನಾಲ್ಕು ಮಗ್ಗುಲಿಂದ ಫೋಟೋ ತೆಗೆದು, ಆರಿದ ಮೇಲೆ ತಿನ್ನುವ ಗಿರಾಕಿ. ಅವಳು ಕಡೇ ಮೆಟ್ಟಿಲಲ್ಲೇ ನಿಂತು ಮೂಗಿಗೆ ಬೆರಳಿಟ್ಟುಕೊಂಡಳು.

"ನಿಂತ್ಕೊಳ್ರೇ ಸಾಲಾಗಿ! ಟೋಪಿ ತೆಗೀರಿ. ಗಂಟು ಬಿಚ್ರಿ. ಯಾವಳದು ಇದು? ತಿಂದ ಮನೇಗೇ ಉಗೀತೀರಾ?"

ಐದು ಹೆಂಗಸರು ಹಿಟ್ಟು ಮೆತ್ತಿದ ಕೈಯಲ್ಲೇ ತಲೆ ಬಿಚ್ಚಿದರು. ಮೇಸ್ತ್ರಿ ದೀಪದ ಕೆಳಗೆ ಒಬ್ಬೊಬ್ಬಳ ತಲೆಗೂ ಎಳೆ ಹಿಡಿದು ಅಳೆದ, ಬಟ್ಟೆ ಅಂಗಡಿಯಲ್ಲಿ ದಾರದ ಬಣ್ಣ ಹೊಂದಿಸುವವರ ಹಾಗೆ. ಇದು ನರೆತದ್ದು, ಅಲ್ಲ. ಇದು ಗುಂಗುರು, ಅಲ್ಲ. ನಾದಿನಿಯ ಮುಂದೆ ಬಂದಾಗ ಅವಳು ಬಿಚ್ಚಿದ ಕೂದಲನ್ನು ಮುಷ್ಟಿಯಲ್ಲಿ ಮುಚ್ಚಿಕೊಳ್ಳುವುದು ಅತ್ತಿಗೆಗೆ ಕಾಣಿಸಿತು. ಹೋದ ತಿಂಗಳು ಕಪ್ಪು ಬಸಿ ತೊಳೆಯುವವಳನ್ನು ಸೀನಿದಳೆಂದು ಓಡಿಸಿದ್ದರು. ಬಾಣಂತಿಯನ್ನು ಬೇರೆ ಯಾರು ಕೆಲಸಕ್ಕೆ ಸೇರಿಸಿಕೊಳ್ಳುತ್ತಾರೆ?

"ನಂದು," ಎಂದಳು ಅತ್ತಿಗೆ.

ಅವಳ ಕೂದಲೂ ಅಷ್ಟೇ ಉದ್ದ, ಅಷ್ಟೇ ಕಪ್ಪು. ಮೇಸ್ತ್ರಿಗೆ ಸಾಕಾಯಿತು.

"ಅಯ್ಯೋ, ಯಾರ ಹೊಟ್ಟೆ ಮೇಲೂ ಹೊಡೀಬೇಡಿಪ್ಪ," ಫೋಟೋ ಮೇಡಂ ಮೆತ್ತಗೆ ಹೇಳಿದಳು. "ನಂಗದೆಲ್ಲ ಇಷ್ಟ ಆಗಲ್ಲ. ಆದ್ರೆ ಏನಾದ್ರೂ ಮಾಡಿ. ಕ್ಲೀನಾಗಿರ್ಬೇಕಲ್ವಾ?"

ಅಷ್ಟರಲ್ಲಿ ಯಜಮಾನನೂ ಇಳಿದು ಬಂದ. ಅವನು ಬೈಯುವವನಲ್ಲ. ಅತ್ತಿಗೆಯ ಮುಂದೆ ಕೈ ಜೋಡಿಸಿದ. "ನೋಡಮ್ಮ, ನಾವೆಲ್ಲ ಒಂದೇ ಕುಟುಂಬ. ಯಾರೂ ಬಲವಂತ ಮಾಡಲ್ಲ. ನೀನಾಗಿ ನೀನೇ ಕೂದಲು ಕತ್ತರಿಸಿಕೊಂಡರೆ ಎಲ್ರಿಗೂ ಗೌರವ."

ಹಿಟ್ಟಿನ ಚೀಲ ಕತ್ತರಿಸುವ ಕತ್ತರಿ. ಅದಕ್ಕೆ ಹರಿತವಿರಲಿಲ್ಲ, ಅಗಿದು ಅಗಿದು ಕತ್ತರಿಸಿತು. ತಾನಾಗಿ ತಾನೇ ಎಂದರೂ ಕತ್ತರಿ ಹಿಡಿದವನು ಮೇಸ್ತ್ರಿ. ಕಿವಿಯ ಮೇಲಿನವರೆಗೆ ಹೋಗಿ, ಹಿಂದೆ ಒಂದು ಕಡೆ ಬುರುಡೆ ಕಾಣುವಷ್ಟು ಹೋಗಿ, ನಿಂತಿತು. ಕತ್ತರಿಸಿದ ಕೂದಲನ್ನು ಕಸದ ಡಬ್ಬಿಗೆ ಹಾಕಿದ.

"ಥ್ಯಾಂಕ್ಸ್," ಎಂದಳು ಫೋಟೋ ಮೇಡಂ. ನಿಜವಾಗಿಯೂ ಕಣ್ಣು ತೇವವಾಗಿತ್ತು ಅವಳಿಗೆ.

ಫೋಟೋ ಮೇಡಂ ಫೋನಿನಲ್ಲಿ ಅಂಗಡಿಗೆ ಕೊಟ್ಟಿದ್ದ ಒಂದು ನಕ್ಷತ್ರ ಮಧ್ಯಾಹ್ನದ ಹೊತ್ತಿಗೆ ಐದಾಗಿತ್ತು. ಆ ಸಂಜೆ ಕೆಲಸಕ್ಕೆ ಬಂದಾಗ ಕಾಫಿ ಹುಡುಗಿ ಫೋನು ಹಿಡಿದು ಓದಿ ಹೇಳಿದಳು: "ದೂರು ಹೇಳಿದ ತಕ್ಷಣ ಕ್ರಮ. ಗಿರಾಕಿಯ ಮನಸ್ಸು ಅರಿತ ಜಾಗ. ಕಾಫಿಯಲ್ಲಿ ಕಿತ್ತಳೆಯ ಸುಳಿವು."

"ಆ ಕಾಫಿಲಿ ಸುಟ್ಟ ಹಗ್ಗದ ಸುಳಿವಿದೆ," ಎಂದಳು ಅತ್ತಿಗೆ. ಯಾರೂ ನಗಲಿಲ್ಲ. ಇದಕ್ಕಾದರೂ ನಗಲಿ ಎಂದು ಮತ್ತೊಂದು ಹೇಳಿದಳು: "ಇನ್ಮೇಲೆ ಆ ಮೇಸ್ತ್ರೀನ ಬೋಳಿಮಗ ಅನ್ನೋ ಹಾಗಿಲ್ಲ ಕಣ್ರೇ. ನನ್ನ ಮಗ ಆಗ್ಬಿಡ್ತಾನೆ."

ನಾದಿನಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಹಿಟ್ಟು ಅರ್ಧ ನಾದಿದ ಮೇಲೆ ಉಪ್ಪು ಹಾಕುವುದು ಅತ್ತಿಗೆಯ ಪಾಲು. ಅಂದು ರಾತ್ರಿ ಅವಳ ಕೈ ಉಪ್ಪಿನ ಡಬ್ಬಿಯವರೆಗೆ ಹೋಗಿ ಹಿಂದಕ್ಕೆ ಬಂತು.

"ಯಾಕೋ ಇವತ್ತು ಹಿಟ್ಟು ಕೈಗಂಟತ್ತಲ್ಲ ಅತ್ತಿಗೆ?" ನಾದಿನಿ ಕೇಳಿದಳು.

"ನಿನ್ನ ಕೈ ಬೆವರು. ನಾದು."

ಬೆಳಿಗ್ಗೆ ಅವಳು ಮನೆಗೆ ಹೋಗಲಿಲ್ಲ. ತಟ್ಟೆ ತೊಳೆಯುವ ನೆಪದಲ್ಲಿ ಮೇಲಿನ ಕಿಂಡಿಯ ಹಿಂದೆ ನಿಂತಳು. ಮೇಡಂ ಉಗಿಯಲಿ, ತಟ್ಟೆ ಎಸೆಯಲಿ, ಐದು ನಕ್ಷತ್ರ ಉದುರಿ ಬೀಳಲಿ. ಫೋಟೋ ಮೇಡಂ ನಾಲ್ಕು ಮಗ್ಗುಲೂ ತೆಗೆದು ಮುಗಿಸಿ ಕಚ್ಚಿದಳು. ಅಗಿದಳು. ಕಣ್ಣು ಮುಚ್ಚಿದಳು.

"ಏನೋ ಬೇರೆ ಇದೆಯಲ್ಲ ಇವತ್ತು! ಎಷ್ಟು ಶುದ್ಧವಾಗಿದೆ! ಕೆಳಗಡೆ ಕ್ಲೀನ್ ಮಾಡ್ಸಿದ್ದು ರುಚಿಯಲ್ಲೇ ಗೊತ್ತಾಗತ್ತೆ ನೋಡಿ."

ಯಜಮಾನ ತಾನೂ ಒಂದು ಚೂರು ಬಾಯಿಗಿಟ್ಟ. ಅವನ ದವಡೆ ಅರೆಗಳಿಗೆ ನಿಂತಿತು. ಗೊತ್ತಾಯಿತು ಅವನಿಗೆ. ಆಮೇಲೆ ದವಡೆ ಮತ್ತೆ ಆಡಿತು.

"ಉಪ್ಪಿಲ್ಲದ್ದು ಮೇಡಂ. ನಿಮ್ಮ ನಾಲಿಗೆಗೆ ಅಂತಾನೇ ಮಾಡಿಸಿದ್ದು."

ಸೀಮೆಸುಣ್ಣ ತೆಗೆದು ಕರಿಹಲಗೆಯ ಮೇಲೆ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಉಪ್ಪಿಲ್ಲದ ಬ್ರೆಡ್ ಎಂದು ಬರೆದ. ಜನ ಸಾಲು ನಿಂತರು. ಮೇಸ್ತ್ರಿ ಕಿಂಡಿಯಲ್ಲಿ ತಲೆ ತೂರಿಸಿ, "ಇನ್ಮೇಲೆ ದಿನಾ ಹಿಂಗೇ ಮಾಡ್ಬೇಕಂತೆ. ತಪ್ಪು ಮಾಡಿ ಬಚಾವಾದೆ ಕಣೇ, ಅದೃಷ್ಟವಂತೆ," ಎಂದ.

ಅತ್ತಿಗೆ ಕೈಯಲ್ಲಿದ್ದ ತಟ್ಟೆಯನ್ನು ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಅಂದು ರಾತ್ರಿ ಕಲಸಲು ಬೇಕಾದ ಪಾಲನ್ನು ಭರಣಿಯಿಂದ ತೆಗೆದು ಬೇರೆ ಬೋಗುಣಿಗೆ ಹಾಕಿದಳು. ಒಲೆಯ ಮೇಲೆ ಕೆಟಲ್ ಕೊತಗುಟ್ಟುತ್ತಿತ್ತು. ನಾದಿನಿ ಹಾಲು ಹಿಂಡಲು ಕಕ್ಕಸಿಗೆ ಹೋಗಿದ್ದಳು.

ಗುಳುಕ್.

"ಗೊತ್ತು ಕಣೇ," ಎಂದಳು ಅತ್ತಿಗೆ ಭರಣಿಗೆ. ಜ್ವರ ಬಂದ ರಾತ್ರಿಯೂ ಅವಳು ಅದನ್ನು ಉಪವಾಸ ಕೆಡವಿರಲಿಲ್ಲ. ಚಳಿಗೆ ತನ್ನ ಹೊದಿಕೆಯನ್ನೇ ಸುತ್ತಿದ್ದಳು. ಗಾಜು ಸೀಳದಿರಲೆಂದು ಸೌಟಿನ ಬೆನ್ನಿನ ಮೇಲೆ ಕುದಿನೀರನ್ನು ಭರಣಿಗೆ ನಿಧಾನ, ಬಲು ನಿಧಾನ ಹೊಯ್ದಳು. ತಳದವರೆಗೂ ಕಲಕಿದಳು. ಹುಳಿ ಹೋಗಿ ಕಾಗದ ಅಂಟಿಸುವ ಗಂಜಿಯ ವಾಸನೆ ಎದ್ದಿತು. ಅದು ಆರುವವರೆಗೆ ಬಟ್ಟೆಯಿಂದ ಬೀಸಿದಳು. ಮೇಲೆ ಒಂದಿಷ್ಟು ಹಿಟ್ಟು ಉದುರಿಸಿ, ಮುಚ್ಚಳ ಮುಚ್ಚಿ, ಅಂಚು ಒರೆಸಿದಳು. ನೋಡಲು ನಿನ್ನೆಯ ಹಾಗೇ ಇತ್ತು, ಬೆಳ್ಳಗೆ, ಸುಮ್ಮನೆ. ಬೆಳಗಾದರೆ ಮೇಲೆ ಹೋಗಿ ದೀಪದ ಕೆಳಗೆ ಕೂರುತ್ತದೆ.

ನಾದಿನಿ ಬಂದಳು. "ತಾಯಿಗೆ ತಿನ್ಸಿದ್ಯಾ ಅತ್ತಿಗೆ?"

"ಹ್ಞೂಂ. ಹೊಟ್ಟೆ ತುಂಬ."

ನಾಳೆ ರಾತ್ರಿ ಕಲಸಿದ ಹಿಟ್ಟು ಉಬ್ಬುವುದಿಲ್ಲ. ಮತ್ತೆ ಸಾಲು ನಿಲ್ಲಿಸುತ್ತಾರೆ, ಈ ಸಲ ಹೊಡೆಯಲು ಬೆಲ್ಟು ಬಿಚ್ಚಿದರೂ ಬಿಚ್ಚಿಯಾರು. ಆದರೆ ಈ ಸಲ ತಲೆಗೆ ಹಿಡಿದು ನೋಡಲು ಅವರ ಕೈಯಲ್ಲಿ ಒಂದೆಳೆಯೂ ಇರುವುದಿಲ್ಲ. ನಾದಿನಿಗೆ ಗೊತ್ತಾದರೆ ಅವಳ ಕೈಯೇ ಹೇಳಿಬಿಡುತ್ತದೆ. ಅತ್ತೆಗೆ ಹೇಳಿದರೆ ಬೀದಿಗೆ ಹೇಳಿದಂತೆ.

ನಾದಿನಿ ಕಿವಿ ನಿಮಿರಿಸಿದಳು. "ಇವತ್ತು ಸದ್ದೇ ಇಲ್ವಲ್ಲ?"

"ನಿದ್ದೆ ಬಂದಿರ್ಬೇಕು," ಎಂದಳು ಅತ್ತಿಗೆ. ಯಾರಿಗೂ ಹೇಳುವುದಿಲ್ಲ, ಇವಳಿಗೂ ಇಲ್ಲ ಎಂದು ತೀರ್ಮಾನಿಸಿ, ಬೋಳು ತಲೆಗೆ ಬಟ್ಟೆ ಬಿಗಿದು ಕಟ್ಟಿ ಹಿಟ್ಟಿಗೆ ಕೈ ಹಾಕಿದಳು.