ಬಿಸಿ ಇದೆ, ಬನ್ನಿ

"ಬಿಸಿ ಇದೆ ಕಣೇ! ನಿಜವಾಗ್ಲೂ ಬಿಸಿ ಇದೆ, ಬಾ!"

ಹಲ್ಲಿನ ಡಾಕ್ಟರು ಕುತ್ತಿಗೆವರೆಗೆ ಕಡಲಲ್ಲಿ ಮುಳುಗಿ, ಒಂದು ಕೈಯಲ್ಲಿ ದೋಣಿಯ ಏಣಿ ಹಿಡಿದುಕೊಂಡು ಕೂಗುತ್ತಿದ್ದರು. ದೋಣಿಯ ಮೇಲಿದ್ದ ಮೂವರಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಅವರ ಹೆಂಡತಿ, ಊರಿಗೆಲ್ಲ ಟೈಲರಮ್ಮ, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ಮಗಳು ಇಳಿಸಿದ ಹಾಯಿಯ ನೆರಳಲ್ಲಿ ಒರಗಿ ಟೋಪಿಯನ್ನು ಮುಖಕ್ಕೆ ಮುಚ್ಚಿಕೊಂಡಿದ್ದಳು. ಅಳಿಯ, ಔಷಧಿ ಅಂಗಡಿ ಇಟ್ಟುಕೊಂಡವನು, ಲಂಗರು ಬಿಟ್ಟಾದ ಮೇಲೆ ಉಳಿದ ಹಗ್ಗವನ್ನು ಸುತ್ತಿಡುತ್ತಿದ್ದವನು ಅದನ್ನೇ ಮುಂದುವರಿಸಿದ.

"ಮಾವ, ಆ ಮಾತು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ," ಎಂದ ಅವನು. "ಏನಾದ್ರೂ ಹೊಸದು ಹೇಳಿ."

"ಅಯ್ಯೋ, ಆಣೆ ಮಾಡ್ಲಾ?"

"ಹೋದ ವರ್ಷವೂ ಮಾಡಿದ್ರಿ. ಈ ಕಡೆ ಆಣೆ, ಆ ಕಡೆ ನಾನು ನೀರಲ್ಲಿ ಕೈಕಾಲು ಬಡ್ಕೊಂಡು ಸಾಯ್ತಾ ಇದ್ದೆ."

ಡಾಕ್ಟರ ಮಾತನ್ನು ಯಾರೂ ನಂಬದಿದ್ದರೆ ಅದಕ್ಕೆ ಅವರೇ ಹೊಣೆ. ಹೊಟ್ಟೆಪಾಡಿಗೇ ಸುಳ್ಳು ಹೇಳಿದ ಮನುಷ್ಯ ಅವರು. "ಏನೂ ನೋವಾಗಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೆ" ಎನ್ನುತ್ತಲೇ ಅರ್ಧ ಊರಿನ ದವಡೆ ಹಲ್ಲು ಕಿತ್ತವರು. ಬೇಸಿಗೆ ರಜೆಯಲ್ಲಿ ದೋಣಿ ಹತ್ತಿದರೂ ಆ ಚಾಳಿ ಬಿಟ್ಟವರಲ್ಲ.

ಪ್ರತಿ ವರ್ಷ ದ್ವೀಪಗಳ ನಡುವೆ ತಿರುಗಾಡಿ ಕೊನೆಗೆ ಲಂಗರು ಹಾಕುತ್ತಿದ್ದುದು ಈ ಕೊಲ್ಲಿಯಲ್ಲೇ. ಎರಡು ಕಡೆ ಕಡಿದಾದ ಬಂಡೆ, ನಡುವೆ ಕಡುನೀಲಿ ನೀರು; ನಡುಬೇಸಿಗೆಯಲ್ಲೂ ಮೈ ಕೊರೆಯುವ ನೀರು. ಆಳದಿಂದ ತಣ್ಣನೆಯ ಸೆಳೆತವೊಂದು ಬಂದು ಅಲ್ಲಿ ಮೇಲೇಳುತ್ತದೆಂದು ಮೀನುಗಾರರು ಹೇಳುತ್ತಿದ್ದರು. ಅದಕ್ಕೇ ಮನೆಯವರಲ್ಲಿ ಒಂದು ಕಾನೂನು ಹುಟ್ಟಿಕೊಂಡಿತ್ತು. ಮೊದಲು ಹಾರಿದವರು ಹಲ್ಲು ಕಟಕಟಿಸದಂತೆ ಬಿಗಿಹಿಡಿದು, ಮುಖದ ತುಂಬ ನಗು ತಂದುಕೊಂಡು, "ಬಿಸಿ ಇದೆ, ಬನ್ನಿ!" ಎಂದು ಕೂಗಬೇಕು. ನಂಬಿ ಹಾರಿ ಮೋಸಹೋದವರು ಆ ಕ್ಷಣವೇ ಪಕ್ಷ ಬದಲಿಸಿ, ಉಳಿದವರನ್ನು ಅದೇ ಮಾತಿನಿಂದ ಕರೆಯಬೇಕು. ಒಮ್ಮೆ ಬ್ಯಾಂಕಿನ ಮ್ಯಾನೇಜರೊಬ್ಬರು ಕನ್ನಡಕ ಸಮೇತ ಹಾರಿ, ಮೇಲೆ ಬಂದು, ಬಾಯಿ ತೆರೆದರೂ ದನಿ ಹೊರಡದೆ ಒದ್ದಾಡಿದ್ದನ್ನು ನೆನೆದು ಮಗಳು ಈಗಲೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಾಳೆ. ಅವಳ ಪಾಲಿಗೆ ಬಾಲ್ಯವೆಂದರೆ ಅದೇ: ನೀಲಿಗಟ್ಟಿದ ತುಟಿಗಳು, ಒಂದೇ ಕಂಬಳಿಯೊಳಗೆ ತುರುಕಿಕೊಂಡ ಮೂರು ನಾಲ್ಕು ಮಕ್ಕಳು, ತಗಡಿನ ಲೋಟದಲ್ಲಿ ನಾಲಿಗೆ ಸುಡುವ ಚಹಾ, ಬೈಯುತ್ತಾ ತಲೆ ಒರೆಸುವ ಅಮ್ಮ. ಅಮ್ಮ ನೀರಿಗಿಳಿದದ್ದನ್ನು ಮಾತ್ರ ಅವಳು ಕಂಡಿರಲಿಲ್ಲ. ಅಮ್ಮನಿಗೆ ಈಜು ಬರುವುದಿಲ್ಲವೆಂದೇ ಅವಳು ತಿಳಿದಿದ್ದಳು.

ಈ ವರ್ಷ ಕಡಲು ಯಾಕೋ ಸರಿಯಿರಲಿಲ್ಲ. ವಾರಗಟ್ಟಲೆ ಗಾಳಿ ಸತ್ತು ಬಿದ್ದಿತ್ತು. ಬೇಸಿಗೆಯಲ್ಲಿ ನೀರು ಇಷ್ಟು ಕಾದದ್ದನ್ನು ಕಂಡಿಲ್ಲವೆಂದು ಟೀವಿಯಲ್ಲಿ ಹೇಳುತ್ತಲೇ ಇದ್ದರು. ಹೊರಡುವ ದಿನ ಧಕ್ಕೆಯಲ್ಲಿ ಒಬ್ಬ ಮುದಿ ಮೀನುಗಾರ ಬಲೆಯಿಂದ ಅಂಬಲಿಯಂಥ ಲೋಳೆಮೀನು ಕೊಡವುತ್ತಾ, "ಕಡಲಿಗೆ ಜ್ವರ ಬಂದಿದೆ ಡಾಕ್ಟ್ರೇ, ನಿಮ್ಮ ಹತ್ರ ಮಾತ್ರೆ ಇದ್ರೆ ಹಾಕಿ," ಎಂದಿದ್ದ. ಎಲ್ಲರೂ ನಕ್ಕಿದ್ದರು. ಬೇರೆ ಕಡೆ ಏನೇ ಆಗಲಿ, ತಮ್ಮ ಕೊಲ್ಲಿಗೆ ಅದು ತಟ್ಟುವುದಿಲ್ಲ ಎಂಬ ಧೈರ್ಯ ಎಲ್ಲರಿಗೂ ಇತ್ತು.

ಡಾಕ್ಟರು ಏಣಿಯಲ್ಲಿ ಇಳಿಯುವಾಗಲೂ ಹಳೆಯ ಅಭ್ಯಾಸದಂತೆ ಹೊಟ್ಟೆ ಒಳಗೆಳೆದುಕೊಂಡು, ಕಣ್ಣು ಮುಚ್ಚಿಕೊಂಡು ಇಳಿದಿದ್ದರು. ಸೊಂಟದವರೆಗೆ ಬಂತು, ಎದೆಯವರೆಗೆ ಬಂತು, ಚಳಿ ಬರಲೇ ಇಲ್ಲ. ಇನ್ನೊಂದು ಮೆಟ್ಟಿಲಿದೆಯೆಂದು ಕತ್ತಲಲ್ಲಿ ಕಾಲಿಟ್ಟವರ ಹಾಗೆ ಅವರ ಎದೆ ಧಸಕ್ಕೆಂದಿತು. ಇದು ನನ್ನ ಕಡಲಲ್ಲ ಎನ್ನಿಸಿ ಬೇಸರವಾಯಿತು. ಆಮೇಲೆ ಹೆಂಡತಿ ನೆನಪಾದಳು. ಬೇಸರವೆಲ್ಲ ಮರೆತು ಕೂಗತೊಡಗಿದರು.

ಟೈಲರಮ್ಮ ಕೆರೆಯ ಊರಿನ ಹುಡುಗಿ. ನಡೆಯುವುದಕ್ಕಿಂತ ಮೊದಲೇ ಈಜು ಕಲಿತವಳೆಂದು ತವರಿನಲ್ಲಿ ತಮಾಷೆ ಮಾಡುತ್ತಿದ್ದರು. ಕೆರೆಯ ಈ ದಡದಿಂದ ಆ ದಡಕ್ಕೆ ಹೋಗಿ, ದಡ ಮುಟ್ಟಿ, ನಿಲ್ಲದೆ ವಾಪಸು ಬರುತ್ತಿದ್ದವಳು. ಮದುವೆಯಾದ ಹೊಸತರಲ್ಲಿ ಡಾಕ್ಟರು ತಮ್ಮ ಅಣ್ಣತಮ್ಮಂದಿರು, ಅವರ ಹೆಂಡತಿಯರು, ಎಲ್ಲರನ್ನೂ ದೋಣಿ ಹತ್ತಿಸಿಕೊಂಡು ಇದೇ ಕೊಲ್ಲಿಗೆ ಬಂದಿದ್ದರು. "ನನ್ನ ಹೆಂಡ್ತಿ ಮೀನು ಕಣ್ರೋ, ಮೀನು!" ಎಂದು ದಾರಿಯುದ್ದಕ್ಕೂ ಕೊಚ್ಚಿಕೊಂಡಿದ್ದರು. ಆಮೇಲೆ ತಾವೇ ಮೊದಲು ಹಾರಿ, ಬಿಸಿ ಇದೆ ಬಾ ಎಂದು ಕರೆದರು. ಅವಳು ನಂಬಿದಳು. ಗಂಡನ ಮಾತು ತಾನೆ, ನಂಬದೆ ಏನು? ಎಲ್ಲರೂ ನೋಡುತ್ತಿರುವಾಗ ದೋಣಿಯ ಮೂತಿಯಿಂದ ತಲೆ ಕೆಳಗಾಗಿ ಹಾರಿದಳು.

ಕೆರೆಯಲ್ಲಿ ಬೆಳೆದ ಮೈಗೆ ಅಂಥ ಚಳಿ ಗೊತ್ತೇ ಇರಲಿಲ್ಲ. ಎದೆ ಹಿಡಿದುಕೊಂಡು ಉಸಿರು ಒಳಗೂ ಹೋಗದೆ ಹೊರಗೂ ಬಾರದೆ ಕೈಗಳು ಮರಗಟ್ಟಿದವು. ಇಬ್ಬರು ಕಂಕುಳಿಗೆ ಕೈ ಹಾಕಿ ಮೇಲೆಳೆದರು. "ಅಯ್ಯೋ, ಮೀನು ಅಂದಿದ್ರಲ್ಲ!" ಎಂದಳು ಓರಗಿತ್ತಿ. ಎಲ್ಲರೂ ಗೊಳ್ಳೆಂದು ನಕ್ಕರು. ಹೆದರಿಕೆ ಇಳಿದ ಸಮಾಧಾನಕ್ಕೋ ಏನೋ, ಡಾಕ್ಟರೂ ನಕ್ಕರು. ಆ ನಗು ಅವಳಿಗೆ ಚಳಿಗಿಂತ ಆಳಕ್ಕೆ ಇಳಿಯಿತು. ಜಗಳವಾಡಲಿಲ್ಲ, ಅಳಲಿಲ್ಲ, ತಲೆ ಒರೆಸಿಕೊಂಡು ಎಲ್ಲರಿಗೂ ಊಟ ಬಡಿಸಿದಳು. ಅಲ್ಲಿಂದಾಚೆ ನೀರಿಗೆ ಕಾಲಿಡಲಿಲ್ಲ. ಮಕ್ಕಳಾದವು, ಮಕ್ಕಳು ಈಜು ಕಲಿತವು, ಅಮ್ಮನಿಗೆ ಬರುವುದಿಲ್ಲ ಎಂದುಕೊಂಡವು. ಬರುತ್ತದೆ ಎಂದು ಹೇಳಬೇಕಾಗಿದ್ದ ಡಾಕ್ಟರು ಮೊದಲು ನಾಚಿಕೆಗೆ ಸುಮ್ಮನಿದ್ದರು. ಆಮೇಲೆ ಹೇಳುವ ಹೊತ್ತೇ ಮೀರಿಹೋಯಿತು.

ಈಗ ಮೊಣಕಾಲು, ಭುಜ ಎರಡೂ ಕೈಕೊಟ್ಟ ಮೇಲೆ ಡಾಕ್ಟರು ದೋಣಿ ಮಾರಿಬಿಟ್ಟಿದ್ದರು. ಸೋಮವಾರ ಹೊಸ ಯಜಮಾನ ಬಂದು ಹಗ್ಗ ಬಿಚ್ಚಿ ತೆಗೆದುಕೊಂಡು ಹೋಗುತ್ತಾನೆ. ಕೊಲ್ಲಿಗೆ ಬರುವುದು ಇದೇ ಕೊನೆ. ಇದೊಂದು ಸಲ ಅವಳು ನಂಬಿದರೆ ಸಾಕು, ಇದೊಂದು ಸಲ ಅವಳು ಈಜಿಬಿಟ್ಟರೆ ಸಾಕು ಎಂದು ಆ ಮನುಷ್ಯನ ಜೀವ ಒದ್ದಾಡುತ್ತಿತ್ತು. ಹೇಳಲು ಇದ್ದದ್ದೋ ಅದೊಂದೇ ಮಾತು, ಅದನ್ನೂ ಸವೆಸಿಬಿಟ್ಟಿದ್ದರು.

ಅವರ ಕೂಗು ತಾಳಲಾರದೆ ಅಳಿಯ ಬಗ್ಗಿ ನೀರಿಗೆ ಕೈ ಹಾಕಿದ. "ಅರೆ!" ಎಂದವನು ಅಂಗಿ ಬಿಚ್ಚಿ ಧುಮುಕಿದ. ಹಿಂದೆಯೇ ಮಗಳೂ ಧುಮುಕಿದಳು. ಮೇಲೆ ಬಂದವಳ ಮುಖದಲ್ಲಿ ಬೆರಗು.

"ಅಮ್ಮಾ, ನಿಜ ಅಮ್ಮಾ! ಸ್ನಾನದ ನೀರಿನ ಹಾಗಿದೆ!"

"ನೀನೂ ಸೇರ್ಕೊಂಡ್ಯಾ ನಿಮ್ಮಪ್ಪನ ಪಾರ್ಟಿಗೆ?" ಟೈಲರಮ್ಮ ಸಿಪ್ಪೆಯ ಉದ್ದನೆಯ ಸುರುಳಿಯನ್ನು ಕಡಿಯದೆ ಎಳೆದರು.

"ಅತ್ತೆ, ನಾನು ಸುಳ್ಳು ಹೇಳ್ತೀನಾ?"

"ನಿಮ್ಮ ಮದುವೆಯಾಗಿ ಎಷ್ಟು ವರ್ಷ ಆಯ್ತು? ಕಲಿತುಬಿಟ್ಟಿರ್ತೀರ, ಪಾಪ."

ಅಳಿಯ ಬೆಪ್ಪಾದ. ಮೋಸಹೋದವರು ಮೋಸ ಮಾಡಬೇಕೆಂಬ ಕಾನೂನಿದ್ದ ಮನೆಯಲ್ಲಿ ಸಾಕ್ಷಿ ಹೇಳಲು ಯಾರೂ ಉಳಿದಿರಲಿಲ್ಲ. ಡಾಕ್ಟರು ಏಣಿ ಹತ್ತಿ ಬಂದು, ತಲೆಗೆ ಟವೆಲ್ ಹೊದ್ದು, ಮೂಲೆಯಲ್ಲಿ ಕುಳಿತರು. ಬೇಯಿಸಿದ ಆಲೂಗಡ್ಡೆ, ಮೊಟ್ಟೆ ತಿನ್ನುವಾಗಲೂ ಬಾಯಿ ಬಿಡಲಿಲ್ಲ.

"ಏನ್ರೀ, ಮೈ ಹುಷಾರಿಲ್ವಾ?" ಎಂದು ಟೈಲರಮ್ಮ ಕೇಳಿದರು.

"ಚೆನ್ನಾಗಿದೀನಿ."

ದೋಣಿಯಲ್ಲಿ ಸಿಹಿನೀರು ಕಡಿಮೆ. ಪಾತ್ರೆಗಳನ್ನು ಮೊದಲು ಉಪ್ಪುನೀರಿನಲ್ಲಿ ತೊಳೆದು, ಕೊನೆಗೆ ಒಂದೇ ಒಂದು ತಂಬಿಗೆ ಸಿಹಿನೀರು ಹಾಯಿಸುವುದು ರೂಢಿ. ಆ ಕೆಲಸವನ್ನು ಟೈಲರಮ್ಮ ಯಾರಿಗೂ ಬಿಟ್ಟುಕೊಟ್ಟವರಲ್ಲ. ತೊಳೆಯುವಷ್ಟರಲ್ಲಿ ಅವರ ಬೆರಳು ಕೆಂಪಗಾಗಿ ಸೂಜಿ ಹಿಡಿಯಲೂ ಬಾರದಂತಾಗುತ್ತಿತ್ತು. ಕೈಗಳನ್ನು ಕಂಕುಳಲ್ಲಿ ಒತ್ತಿಕೊಂಡು ಕೂತುಬಿಡುತ್ತಿದ್ದರು. ಈಗಲೂ ಹಗ್ಗ ಕಟ್ಟಿದ ಬಕೆಟನ್ನು ಇಳಿಬಿಟ್ಟು ಎಳೆದುಕೊಂಡರು. ಹೆಗಲು ಬಿಗಿಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ಪಾತ್ರೆಯೊಂದಿಗೆ ಕೈ ಮುಳುಗಿಸಿದರು.

ಕೈ ಅಲ್ಲೇ ನಿಂತಿತು.

ಪಾತ್ರೆ ತೊಳೆದಿಟ್ಟು, ಆ ನೀರು ಚೆಲ್ಲಿ, ದೋಣಿಯ ಇನ್ನೊಂದು ಬದಿಗೆ ಹೋಗಿ ಮತ್ತೊಂದು ಬಕೆಟ್ ಎಳೆದರು. ಈ ಸಲ ತೋಳು ಮಡಚಿ, ಕೂಸಿನ ಸ್ನಾನದ ನೀರು ನೋಡುವವರಂತೆ, ಮೊಣಕೈ ಅದ್ದಿದರು. ಡಾಕ್ಟರು ನೋಡುತ್ತಿದ್ದರು. ಹೇಳಲೆಂದು ಬಾಯಿ ತೆರೆದರು, ಮತ್ತೆ ಮುಚ್ಚಿಕೊಂಡರು. ಅವರ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿರಲಿಕ್ಕಿಲ್ಲ.

ಟೈಲರಮ್ಮ ಕನ್ನಡಕ ತೆಗೆದು ತೊಳೆದ ಪಾತ್ರೆಯೊಳಗಿಟ್ಟರು. ಕೂದಲನ್ನು ಬಿಗಿಯಾಗಿ ಗಂಟು ಹಾಕಿಕೊಂಡರು. ಹತ್ತಿಯ ಅಂಗಿ ಪೈಜಾಮದಲ್ಲೇ, ಕಂಬಿ ಹಿಡಿದುಕೊಂಡು, ದೋಣಿಯ ಮೂತಿಯ ಕಡೆ ನಡೆದರು.

"ಅಮ್ಮಾ, ಎಲ್ಲಿಗೆ? ಏಣಿ ಈ ಕಡೆ ಇರೋದು!" ಮಗಳಿಗೆ ಗಾಬರಿಯಾಯಿತು. "ಅಪ್ಪಾ, ಹಿಡ್ಕೊಳ್ಳಿ ಅವಳನ್ನ! ಈಜು ಬರಲ್ಲ ಅವಳಿಗೆ!"

"ಸುಮ್ನಿರು. ಬರುತ್ತೆ," ಎಂದರು ಡಾಕ್ಟರು.

"ಯಾವಾಗಿಂದ?"

"ನೀನು ಹುಟ್ಟೋಕ್ ಮುಂಚೆಯಿಂದ."

ಮಾತು ಮುಗಿಯುವಷ್ಟರಲ್ಲಿ ಟೈಲರಮ್ಮ ಎರಡೂ ಕೈ ಜೋಡಿಸಿ ತಲೆ ಕೆಳಗಾಗಿ ಹಾರಿದ್ದರು. ನೀರು ಅವರ ಮೇಲೆ ಮುಚ್ಚಿಕೊಂಡಿತು. ಡಾಕ್ಟರು ಎದ್ದು ನಿಂತರು, ಟವೆಲ್ ಕಾಲಿಗೆ ತೊಡರಿತು. ಸ್ವಲ್ಪ ದೂರದಲ್ಲಿ ತಲೆ ಮೇಲೆದ್ದಿತು. ಅವರು ಆ ಬಾಯನ್ನೇ ನೋಡುತ್ತಿದ್ದರು. ಬಾಯಿ ತೆರೆಯಿತು, ಉಸಿರು ಬಂತು, ಉದ್ದಕ್ಕೆ, ಸಲೀಸಾಗಿ. ಮರುಕ್ಷಣವೇ ಟೈಲರಮ್ಮ ಒಂದು ಮಗ್ಗುಲಿಗೆ ಹೊರಳಿ, ಕೆರೆಯ ಹುಡುಗಿಯರ ಹಾಗೆ ತಲೆ ಮೇಲಿಟ್ಟುಕೊಂಡು, ಕೈ ಬೀಸಿ ಬೀಸಿ ಬಂಡೆಯ ಕಡೆ ಹೊರಟರು. ಬಂಡೆ ಮುಟ್ಟಿ, ನಿಲ್ಲದೆ ತಿರುಗಿದರು.

ಮಗಳು ಕಂಬಿ ಹಿಡಿದು ಅಳುತ್ತಿದ್ದಳು. "ಯಾಕಮ್ಮಾ ಹೇಳ್ಲಿಲ್ಲ ನೀನು?"

"ನೀನು ಕೇಳಿದ್ಯಾ?" ಎಂದು ನೀರಿನಿಂದ ಉತ್ತರ ಬಂತು.

ಡಾಕ್ಟರು ಒಂದೊಂದೇ ಮೆಟ್ಟಿಲಿಳಿದು, ನೋಯುವ ಭುಜದಲ್ಲೇ ಕೈ ಬಡಿಯುತ್ತಾ ಹೆಂಡತಿಯ ಹತ್ತಿರ ಹೋದರು. ಇಬ್ಬರೂ ಮುಖಕ್ಕೆ ಮುಖ ಕೊಟ್ಟು ತೇಲಿದರು.

"ಅವತ್ತು ನಾನು ನಗಬಾರದಿತ್ತು," ಎಂದರು ಡಾಕ್ಟರು.

"ಹೂಂ, ನಗಬಾರದಿತ್ತು," ಎಂದರು ಟೈಲರಮ್ಮ. ಸ್ವಲ್ಪ ಹೊತ್ತು ಅಂಗೈಯಿಂದ ನೀರು ಸವರುತ್ತಿದ್ದರು. ಅವರ ಮುಖದ ಖುಷಿ ಸಣ್ಣಗೆ ಇಳಿಯಿತು. "ಆದ್ರೆ ಇದೇನ್ರೀ ಈ ನೀರು? ಪಾತ್ರೆ ತೊಳೆದಿಟ್ಟ ನೀರಿನ ಹಾಗಿದೆ. ಒಂದು ಮೀನೂ ಕಾಣ್ಲಿಲ್ಲ. ಬಂಡೆ ಮೇಲಿನ ಪಾಚಿಯೆಲ್ಲ ಬೆಳ್ಳಗಾಗಿದೆ. ನಿಮ್ಮ ಕಡಲು ಎಲ್ಲಿ ಹೋಯ್ತು?"

ಡಾಕ್ಟರು ಬಂಡೆಯ ಕಡೆ ತಿರುಗಿ ನೋಡಿದರು. ಅಷ್ಟು ಹೊತ್ತು ಮರೆತಿದ್ದ ಬೇಸರ ಒಮ್ಮೆಲೇ ಒತ್ತಿಕೊಂಡು ಬಂತು. ಕಂಬಳಿ ಹೊದ್ದು ನಡುಗುತ್ತಿದ್ದ ಮಕ್ಕಳು, ಸತ್ತುಹೋದ ಅಣ್ಣಂದಿರು, ಎಲ್ಲರೂ ಆ ಚಳಿಯ ಜೊತೆಗೇ ಹೊರಟುಹೋದಂತೆ ಅನ್ನಿಸಿತು.

ಅಷ್ಟರಲ್ಲಿ ಹೆಂಡತಿ ಮಾಯ. "ಏಯ್!" ಎಂದು ಅವರು ಕೂಗುವಷ್ಟರಲ್ಲಿ ಮೇಲೆ ಬಂದು ಮುಖದ ನೀರು ಒರೆಸಿಕೊಂಡರು.

"ಇದೆ," ಎಂದರು. "ಕೆಳಗಿದೆ."

"ಏನು?"

"ಚಳಿ. ಹಾಗೇ ಇದೆ. ಕಾಲು ಕೆಳಗೆ ಬಿಡಿ, ನೆಟ್ಟಗೆ ನಿಂತ ಹಾಗೆ."

ಡಾಕ್ಟರು ಕಾಲು ಇಳಿಬಿಟ್ಟರು. "ಏನೂ ಇಲ್ಲ ಕಣೇ. ಬರೀ ಬಿಸಿ."

"ಇನ್ನೂ ಸ್ವಲ್ಪ. ಉಸಿರು ಬಿಡಿ, ತಾನಾಗೇ ಇಳೀತೀರಿ. ನನ್ನ ಭುಜ ಹಿಡ್ಕೊಳ್ಳಿ."

"ಮುಳುಗಿಹೋದ್ರೆ?"

"ನಾನಿದೀನಲ್ಲ."

ಅವರು ಭುಜ ಹಿಡಿದು, ಕಣ್ಣು ಮುಚ್ಚಿ ಉಸಿರು ಬಿಟ್ಟರು. ಗಲ್ಲ ಮುಳುಗಿತು, ತುಟಿ ಮುಳುಗಿತು, ನೀರು ಮೂಗಿನವರೆಗೆ ಬಂತು. ಆಗ ಚಳಿ ತಾಗಿತು. ಮೊದಲು ಹೆಬ್ಬೆರಳಿಗೆ, ಆಮೇಲೆ ಅಂಗಾಲಿಗೆ, ಆಮೇಲೆ ಹಿಮ್ಮಡಿಗೆ.

"ಸಿಕ್ತಾ?" ಎಂದು ಟೈಲರಮ್ಮ ಕೇಳಿದರು.

ಅವರು ತಲೆಯಾಡಿಸಿದರು. ಟೈಲರಮ್ಮನೂ ಉಸಿರು ಬಿಟ್ಟು ಪಕ್ಕದಲ್ಲೇ ಕಾಲು ಇಳಿಬಿಟ್ಟರು.

ಬಿಸಿಲು ಇಳೀತಿದೆ, ಹತ್ತಿ ಬನ್ನಿ ಎಂದು ಮಗಳು ಮೇಲಿನಿಂದ ಕರೆದಳು. ಇಬ್ಬರೂ ತಿರುಗಲಿಲ್ಲ. ಎರಡು ಬಿಳಿ ತಲೆಗಳು ಗಲ್ಲ ಮೇಲೆತ್ತಿಕೊಂಡು, ಒಂದಿಷ್ಟೂ ಅಲುಗದೆ, ಹತ್ತಿರ ಹತ್ತಿರ ಇದ್ದವು. ನಡುನೀರಿನಲ್ಲಿ ಕಾಲಿಗೆ ನೆಲ ಸಿಕ್ಕಿ ನಿಂತವರಂತೆ ಕಾಣುತ್ತಿದ್ದರು.