ಕೆಂಪು ದೀಪದಡಿ ಕಾಣದ ಬಣ್ಣ

ಇಲಿಯ ಕಣ್ಣಿನಿಂದ ಅಕ್ಷಿಪಟಲವನ್ನು ಹರಿಯದಂತೆ ಬಿಡಿಸುವುದರಲ್ಲಿ ಆ ಪ್ರಯೋಗಾಲಯದ ಸಹಾಯಕಿಯನ್ನು ಮೀರಿಸುವವರಿರಲಿಲ್ಲ. ಹನ್ನೊಂದು ವರ್ಷ ಕತ್ತಲೆಕೋಣೆಯ ಕೆಂಪು ದೀಪದಡಿ ಅದೇ ಕೆಲಸ. ಆದರೂ ಅವಳ ಹೆಸರು ಒಮ್ಮೆಯೂ ಅಚ್ಚಾಗಿರಲಿಲ್ಲ. "ಮುಂದಿನ ಪ್ರಬಂಧದಲ್ಲಿ ನಿನ್ನ ಹೆಸರು ಹಾಕೇ ಹಾಕ್ತೀನಿ" ಎಂದು ಪ್ರಯೋಗಾಲಯದ ಮುಖ್ಯಸ್ಥರಾದ ಸಾಹೇಬರು ಹೇಳಿದ್ದೇ ತಡ, ಅವಳು ಅದನ್ನು ನಾದಿನಿಯ ಕಿವಿಗೂ ಹಾಕಿದ್ದಳು.

ಅಕ್ಷಿಪಟಲದಲ್ಲಿ ಕೆಲವು ಜೀವಕೋಶಗಳಿವೆ. ನೋಟ ಅವುಗಳ ಮುಖ್ಯ ಕೆಲಸವಲ್ಲ, ಹಗಲೋ ಇರುಳೋ ಎಂದು ಮೈಗೆ ತಿಳಿಸುವುದು. ಸೆರೊಟೋನಿನ್ ಎಂಬ ನರರಾಸಾಯನಿಕ ಸೋಕಿದರೆ ಅವು ಬೆಳಕಿಗೆ ಸ್ಪಂದಿಸುವ ರೀತಿ ಬದಲಾಗುತ್ತದೆಯೇ? ಇಲ್ಲವೆಂದು ಸಾಹೇಬರು ಹೋದ ವರ್ಷವೇ ಅಚ್ಚು ಹಾಕಿಸಿ ಶಾಲು ಹೊದಿಸಿಕೊಂಡಿದ್ದರು. ಸೆರೊಟೋನಿನ್ ದ್ರಾವಣವನ್ನು ಅವರೇ ಕಲಸುತ್ತಿದ್ದರು, ಬೇರೆಯವರ ಕೈಯನ್ನು ನಂಬುವ ಜಾಯಮಾನ ಅವರದಲ್ಲ.

ಒಂದು ಮಧ್ಯಾಹ್ನ ಅವಳು ಉಳಿದ ದ್ರಾವಣವನ್ನು ಚೆಲ್ಲಲು ಹೊರಗೆ ತಂದಳು. ಬಿಸಿಲಿನಲ್ಲಿ ನೋಡಿದರೆ ಅದು ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು. ಸೆರೊಟೋನಿನ್ ಬೆಳಕಿಗೆ ಕೆಡುತ್ತದೆ, ಶೀಸೆಗೆ ತಗಡಿನ ಹಾಳೆ ಸುತ್ತಬೇಕು. ಸಾಹೇಬರು ಸುತ್ತದೆ ಬೆಳಗೆಲ್ಲ ಕಿಟಕಿಯಲ್ಲಿಡುತ್ತಿದ್ದರು. ಕೆಂಪು ದೀಪದಡಿ ಕಂದೂ ಒಂದೇ, ತಿಳಿನೀರೂ ಒಂದೇ. ವರ್ಷಗಟ್ಟಲೆ ಅವರು ಆ ಕೋಶಗಳಿಗೆ ಕೆಟ್ಟ ಮದ್ದು ಕುಡಿಸಿದ್ದರು.

ಬಾಯಿ ಮುಚ್ಚಿಕೊಂಡಿದ್ದರೆ ಅವಳ ಹೆಸರು ಸಲೀಸಾಗಿ ಬರುತ್ತಿತ್ತು. ಮನಸ್ಸು ಒಪ್ಪಲಿಲ್ಲ. ಹೊಸ ದ್ರಾವಣ ಕಲಸಿ, ಹಾಳೆ ಸುತ್ತಿ, ಆರು ಅಕ್ಷಿಪಟಲಗಳ ಮೇಲೆ ಪರೀಕ್ಷೆ ಮಾಡಿದಳು. ಕೋಶಗಳ ಸ್ಪಂದನ ಆರರಲ್ಲೂ ಬದಲಾಗಿತ್ತು.

ಅವಳು ಎಲ್ಲ ಹೇಳಿ ಮುಂದಿಟ್ಟ ಸ್ಪಂದನದ ಗೀಟುಗಳನ್ನು ಸಾಹೇಬರು ತುಂಬಾ ಹೊತ್ತು ನೋಡಿದರು. "ಒಳ್ಳೇದಾಯ್ತು ಹೇಳಿದ್ದು. ತಿದ್ದುಪಡಿ ಕಳಿಸೋಣ. ನಿನ್ನ ಹೆಸರೂ ಇರುತ್ತೆ."

ಅವಳಿಗೆ ಕಣ್ಣು ತುಂಬಿ ಬಂತು. ಎಷ್ಟೆಂದರೂ ದೊಡ್ಡ ಮನುಷ್ಯ ಅಂದುಕೊಂಡಳು, ಪೆದ್ದಿ.

ಎರಡು ತಿಂಗಳಿಗೆ ತಿದ್ದುಪಡಿ ಅಚ್ಚಾದ ಪತ್ರಿಕೆ ಬಂತು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ದ್ರಾವಣವನ್ನು ಬೆಳಕಿನಲ್ಲಿಟ್ಟು ಕೆಡಿಸಿದ್ದು ಸಹಾಯಕಿಯೆಂದು ಅಲ್ಲಿ ಬರೆದಿತ್ತು. ಪಕ್ಕದಲ್ಲೇ ಅವಳ ಹೆಸರು, ಇನಿಷಿಯಲ್ ಸಮೇತ, ಒಂದಕ್ಷರವೂ ತಪ್ಪಿಲ್ಲದೆ.

ಸಂಜೆ ಪುಟ ತೋರಿಸಿ, ಶೀಸೆ ಕಿಟಕಿಯಲ್ಲಿಟ್ಟಿದ್ದು ಸಾಹೇಬರೇ ಎಂದು ನಾದಿನಿಗೆ ಬಿಡಿಸಿ ಹೇಳಿದಳು. ನಾದಿನಿ ಆ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಅವಳ ಬೆನ್ನು ಸವರಿದಳು.

"ಹೋಗ್ಲಿ ಬಿಡಿ ಅತ್ತಿಗೆ. ಇಷ್ಟು ವರ್ಷ ಕೆಲಸ ಮಾಡಿದ್ದೀರಿ, ಒಂದು ತಪ್ಪು ಎಲ್ರಿಂದ್ಲೂ ಆಗುತ್ತೆ."